ಯಕೃತ್ತಿಗೆ ಹರಡಿದ ಕ್ಯಾನ್ಸರಿನ ಪತ್ತೆಯಲ್ಲಿ ಕಾಂಟ್ರಾಸ್ಟ್ ಎಂಆರ್‌ಐ

ಕಾಂಟ್ರಾಸ್ಟ್ ಎಂಆರ್‌ಐ ಎಂಬುದು ರಕ್ತನಾಳದ ಮೂಲಕ ವಿಶೇಷ ದ್ರವವೊಂದನ್ನು ನೀಡಿ, ಅದು ಅಂಗಾಂಶಗಳಲ್ಲಿ ಹರಡುವ ಬಗೆಯನ್ನು ದಾಖಲಿಸುವ ಕಾಂತೀಯ ಅನುರಣನ ಚಿತ್ರಣ ವಿಧಾನ. ಆಸ್ಪತ್ರೆಗಳ ಆಡುಮಾತಿನಲ್ಲಿ ಇದನ್ನು "ಡೈ ಕೊಟ್ಟು ತೆಗೆಯುವ ಸ್ಕ್ಯಾನ್" ಎನ್ನುವುದುಂಟು. ದೇಹದ ಬೇರೆ ಭಾಗದಲ್ಲಿ ಹುಟ್ಟಿದ ಕ್ಯಾನ್ಸರ್ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ, ಹರಡಿದೆಯೇ, ಹರಡಿದ್ದರೆ ಎಷ್ಟು ಗೆಡ್ಡೆಗಳು ಎಲ್ಲೆಲ್ಲಿ ಇವೆ ಎಂಬುದನ್ನು ತಿಳಿಯಲು ಇಂದು ಲಭ್ಯವಿರುವ ಅತ್ಯಂತ ಸೂಕ್ಷ್ಮ ಚಿತ್ರಣ ವಿಧಾನಗಳಲ್ಲಿ ಇದೂ ಒಂದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗೆಡ್ಡೆಗಳನ್ನು ಗುರುತಿಸುವಲ್ಲಿ ಇದು ಸಿಟಿ ಸ್ಕ್ಯಾನಿಗಿಂತ ಮುಂದಿದೆ. ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲವೇ ಎಂಬ ತೀರ್ಮಾನ ಅನೇಕ ರೋಗಿಗಳ ವಿಷಯದಲ್ಲಿ ಈ ಚಿತ್ರಗಳನ್ನೇ ಅವಲಂಬಿಸಿರುತ್ತದೆ.

## ಹಿನ್ನೆಲೆ

ಕ್ಯಾನ್ಸರ್ ಜೀವಕೋಶಗಳು ಮೂಲ ಗೆಡ್ಡೆಯಿಂದ ಕಳಚಿಕೊಂಡು, ರಕ್ತ ಅಥವಾ ದುಗ್ಧರಸದ ಹಾದಿಯಲ್ಲಿ ಸಾಗಿ, ಬೇರೊಂದು ಅಂಗದಲ್ಲಿ ನೆಲೆಯೂರಿ ಬೆಳೆಯುವುದನ್ನು ಮೆಟಾಸ್ಟಾಸಿಸ್ ಅಥವಾ ಸ್ಥಾನಾಂತರ ಎನ್ನುತ್ತಾರೆ. ಹಾಗೆ ಬೆಳೆದ ಗೆಡ್ಡೆಗೆ ದ್ವಿತೀಯಕ ಗೆಡ್ಡೆ ಎಂದು ಹೆಸರು. ಇದು ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರಿಗಿಂತ ಭಿನ್ನವಾದುದು. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದರೂ ಅದು ಸ್ವಭಾವತಃ ದೊಡ್ಡಕರುಳಿನ ಕ್ಯಾನ್ಸರೇ. ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ನಡೆಯುತ್ತದೆ.

ಯಕೃತ್ತು ಹೀಗೆ ಪದೇ ಪದೇ ಗುರಿಯಾಗಲು ಅದರ ರಕ್ತಪೂರೈಕೆಯೇ ಮುಖ್ಯ ಕಾರಣ. ಈ ಅಂಗಕ್ಕೆ ರಕ್ತ ಎರಡು ದಾರಿಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯಿಂದಲೂ ಕಾಲು ಪಾಲು ಯಕೃತ್ತಿನ ಅಪಧಮನಿಯಿಂದಲೂ ದೊರೆಯುತ್ತದೆ. ಜಠರ, ಕರುಳು, ಮೇದೋಜೀರಕ ಗ್ರಂಥಿ ಮತ್ತು ಗುಲ್ಮಗಳ ರಕ್ತವೆಲ್ಲ ಪೋರ್ಟಲ್ ಅಭಿಧಮನಿಯಲ್ಲಿ ಸೇರಿ, ಹೃದಯಕ್ಕೆ ಹೋಗುವ ಮುನ್ನ ಯಕೃತ್ತಿನ ಸೂಕ್ಷ್ಮ ನಾಳಗಳಲ್ಲಿ ಸೋಸಿ ಹೋಗುತ್ತದೆ. ಆಹಾರದ ಸತ್ವ ಬರುವ ಈ ಹಾದಿಯಲ್ಲೇ ಕ್ಯಾನ್ಸರ್ ಕೋಶಗಳೂ ಬಂದು ಸಿಕ್ಕಿಕೊಳ್ಳುತ್ತವೆ. ಸ್ತನ, ಶ್ವಾಸಕೋಶ, ಮೂತ್ರಪಿಂಡ ಮತ್ತು ಚರ್ಮದ ಮೆಲನೋಮ ಕ್ಯಾನ್ಸರುಗಳು ಸಾಮಾನ್ಯ ರಕ್ತಪರಿಚಲನೆಯ ಮೂಲಕ ಯಕೃತ್ತನ್ನು ತಲುಪುತ್ತವೆ.

ಬೆಳೆದ ಗೆಡ್ಡೆಯಾದರೋ ತನಗೆ ಬೇಕಾದ ರಕ್ತವನ್ನು ಬಹುಪಾಲು ಅಪಧಮನಿಯಿಂದಲೇ ಪಡೆಯುತ್ತದೆ. ಆರೋಗ್ಯವಂತ ಯಕೃತ್ತು ಮತ್ತು ಗೆಡ್ಡೆಗಳ ನಡುವಿನ ಈ ವ್ಯತ್ಯಾಸವೇ ಕಾಂಟ್ರಾಸ್ಟ್ ಚಿತ್ರಣದ ಮೊದಲ ಆಧಾರ.

## ಇತಿಹಾಸ

ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು 1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆಬೇರೆಯಾಗಿ ಪ್ರಕಟಪಡಿಸಿದವು. ಇದಕ್ಕಾಗಿ ಇಬ್ಬರಿಗೂ 1952ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವಿಷಯದ ಆರಂಭಿಕ ಸಂಶೋಧನೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಅವರು 1951ರಲ್ಲಿ, ಹರಿಯುವ ದ್ರವದಲ್ಲಿ ಅನುರಣನದ ಸಂಕೇತ ಹೇಗೆ ಬದಲಾಗುತ್ತದೆ ಎಂಬ ಪ್ರಯೋಗವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟಿಸಿದರು. ಕಾಂತೀಯ ಅನುರಣನದಿಂದ ದ್ರವದ ಹರಿವನ್ನು ಅಳೆಯುವ ಪ್ರಯತ್ನಗಳಲ್ಲಿ ಇದು ಆದ್ಯವೆಂದು ಪರಿಗಣಿತವಾಗಿದೆ.

ಗೆಡ್ಡೆಯ ಅಂಗಾಂಶವೂ ಸಹಜ ಅಂಗಾಂಶವೂ ಬೇರೆಬೇರೆ ಅನುರಣನ ಗುಣಗಳನ್ನು ತೋರುತ್ತವೆ ಎಂದು ರೇಮಂಡ್ ಡಮಾಡಿಯನ್ 1971ರಲ್ಲಿ ವರದಿ ಮಾಡಿದರು. 1973ರಲ್ಲಿ ಪಾಲ್ ಲಾಟರ್ಬರ್ ಈ ಸಂಕೇತಗಳಿಂದ ಚಿತ್ರ ರಚಿಸುವ ಉಪಾಯವನ್ನು ತೋರಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರಣದ ಗಣಿತವನ್ನೂ ವೇಗವನ್ನೂ ಬೆಳೆಸಿದರು. ಇವರಿಬ್ಬರಿಗೆ 2003ರ ವೈದ್ಯಕೀಯ ನೊಬೆಲ್ ಸಂದಿತು. ಗ್ಯಾಡೊಲಿನಿಯಂ ಆಧಾರಿತ ಮೊದಲ ಕಾಂಟ್ರಾಸ್ಟ್ ದ್ರವ 1988ರಲ್ಲಿ ಬಳಕೆಗೆ ಬಂದಿತು. ಯಕೃತ್ತಿನ ಜೀವಕೋಶಗಳೇ ಹೀರಿಕೊಳ್ಳುವ ಗ್ಯಾಡಾಕ್ಸೆಟಿಕ್ ಆಮ್ಲಕ್ಕೆ ಯುರೋಪಿನಲ್ಲಿ 2004ರಲ್ಲಿಯೂ ಅಮೆರಿಕದಲ್ಲಿ 2008ರಲ್ಲಿಯೂ ಅನುಮೋದನೆ ದೊರೆಯಿತು.

## ಕಾರ್ಯತತ್ತ್ವ

ದೇಹದ ಬಹುಭಾಗ ನೀರು ಮತ್ತು ಕೊಬ್ಬು. ಇವೆರಡರಲ್ಲಿಯೂ ಹೈಡ್ರೋಜನ್ ಹೇರಳವಾಗಿದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಬೀಜಗಳು ಒಂದು ದಿಕ್ಕಿಗೆ ಒಲಿಯುತ್ತವೆ. ರೇಡಿಯೋ ತರಂಗದಿಂದ ಅವನ್ನು ಕದಲಿಸಿ ಬಿಟ್ಟಾಗ ಅವು ಮೊದಲಿನ ಸ್ಥಿತಿಗೆ ಮರಳುತ್ತವೆ. ಆಗ ಹೊರಹೊಮ್ಮುವ ಸಂಕೇತವನ್ನು ಗಣಕಯಂತ್ರ ಚಿತ್ರವಾಗಿ ಪರಿವರ್ತಿಸುತ್ತದೆ. ಮರಳುವಿಕೆಯ ಎರಡು ಬಗೆಯ ಕಾಲಮಾನಗಳನ್ನು ಟಿ1 ಮತ್ತು ಟಿ2 ಎಂದು ಕರೆಯುತ್ತಾರೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ ಅಥವಾ 3 ಟೆಸ್ಲಾ ಸಾಮರ್ಥ್ಯದ ಯಂತ್ರಗಳಿರುತ್ತವೆ. ಈ ವಿಧಾನದಲ್ಲಿ ಎಕ್ಸ್-ರೇ ಬಳಕೆಯಾಗುವುದಿಲ್ಲ.

ಗ್ಯಾಡೊಲಿನಿಯಂ 64ರ ಪರಮಾಣು ಸಂಖ್ಯೆಯ ಲೋಹ. ಅದರ ಅಯಾನಿನಲ್ಲಿ ಜೋಡಿಯಾಗದ 7 ಎಲೆಕ್ಟ್ರಾನುಗಳಿರುವುದರಿಂದ ಅದು ಸುತ್ತಲಿನ ನೀರಿನ ಹೈಡ್ರೋಜನ್ ಬೀಜಗಳ ಟಿ1 ಕಾಲವನ್ನು ಕಡಿಮೆ ಮಾಡುತ್ತದೆ. ಪರಿಣಾಮವಾಗಿ ದ್ರವ ತಲುಪಿದ ಭಾಗ ಟಿ1 ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಬಿಡಿಯಾದ ಗ್ಯಾಡೊಲಿನಿಯಂ ವಿಷಕಾರಿ. ಆದ್ದರಿಂದ ಅದನ್ನು ಕೀಲೇಟ್ ಎಂಬ ಸಾವಯವ ಅಣುವಿನ ಹಿಡಿತದಲ್ಲಿಟ್ಟು ನೀಡಲಾಗುತ್ತದೆ.

### ಕಾಂಟ್ರಾಸ್ಟ್ ದ್ರವದ ಎರಡು ವರ್ಗಗಳು

*ಕೋಶಬಾಹ್ಯ ದ್ರವಗಳು* ರಕ್ತನಾಳಗಳಲ್ಲಿಯೂ ಜೀವಕೋಶಗಳ ನಡುವಣ ಅವಕಾಶದಲ್ಲಿಯೂ ಹರಡಿ, ಮೂತ್ರಪಿಂಡಗಳ ಮೂಲಕ ಹೊರಹೋಗುತ್ತವೆ. ಅವು ಗೆಡ್ಡೆಯ ರಕ್ತಸಂಚಾರವನ್ನು ತೋರಿಸುತ್ತವೆ.

*ಯಕೃತ್ತಿಗೇ ವಿಶಿಷ್ಟವಾದ ದ್ರವಗಳು* ಮೊದಲು ಹಾಗೆಯೇ ವರ್ತಿಸಿ, ಅನಂತರ ಯಕೃತ್ತಿನ ಜೀವಕೋಶಗಳನ್ನು ಪ್ರವೇಶಿಸಿ ಪಿತ್ತರಸದೊಂದಿಗೆ ಹೊರಬರುತ್ತವೆ. ಗ್ಯಾಡಾಕ್ಸೆಟಿಕ್ ಆಮ್ಲದ ಸುಮಾರು ಅರ್ಧ ಭಾಗ ಹೀಗೆ ಯಕೃತ್ತಿನ ಮೂಲಕ, ಉಳಿದರ್ಧ ಮೂತ್ರಪಿಂಡಗಳ ಮೂಲಕ ಹೋಗುತ್ತದೆ. ಗ್ಯಾಡೊಬೆನಿಕ್ ಆಮ್ಲದಲ್ಲಿ ಯಕೃತ್ತು ಹೀರುವ ಪ್ರಮಾಣ ಕೇವಲ ಶೇ. 3ರಿಂದ 5ರಷ್ಟು, ಆದ್ದರಿಂದ ಅದರ ಯಕೃತ್ ಹಂತದ ಚಿತ್ರಕ್ಕಾಗಿ ಒಂದು ಗಂಟೆಗೂ ಹೆಚ್ಚು ಕಾಯಬೇಕು. ಗ್ಯಾಡಾಕ್ಸೆಟಿಕ್ ಆಮ್ಲದ ವಿಷಯದಲ್ಲಿ 20 ನಿಮಿಷ ಸಾಕು.

ಸ್ಥಾನಾಂತರದ ಪತ್ತೆಯಲ್ಲಿ ಎರಡನೆಯ ವರ್ಗದ ಮಹತ್ವ ಇಲ್ಲಿದೆ. ಈ ದ್ರವವನ್ನು ಒಳಗೆ ಬಿಟ್ಟುಕೊಳ್ಳುವ ವಾಹಕ ಪ್ರೋಟೀನುಗಳು ಸಹಜ ಯಕೃತ್ ಕೋಶಗಳಲ್ಲಿವೆ. ಕರುಳಿನಿಂದಲೋ ಸ್ತನದಿಂದಲೋ ಬಂದ ಕ್ಯಾನ್ಸರ್ ಗೆಡ್ಡೆಯಲ್ಲಿ ಯಕೃತ್ ಕೋಶಗಳೇ ಇರುವುದಿಲ್ಲ. ಹೀಗಾಗಿ 20 ನಿಮಿಷಗಳ ಹೊತ್ತಿಗೆ ಇಡೀ ಯಕೃತ್ತು ಬೆಳ್ಳಗಾಗಿ, ಹೊರಗಿನಿಂದ ಬಂದು ನೆಲೆಸಿದ ಗೆಡ್ಡೆ ಮಾತ್ರ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಅತಿ ಚಿಕ್ಕ ಗೆಡ್ಡೆಯೂ ಎದ್ದು ಕಾಣುವುದು ಈ ಕಾರಣದಿಂದಲೇ.

## ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮುನ್ನ ಕೆಲವು ಗಂಟೆಗಳ ಕಾಲ ಆಹಾರ ಸೇವಿಸದಂತೆ ಸೂಚಿಸಲಾಗುತ್ತದೆ. ಮೂತ್ರಪಿಂಡಗಳ ಕಾರ್ಯವನ್ನು ತಿಳಿಸುವ ಕ್ರಿಯಾಟಿನಿನ್ ವರದಿಯನ್ನು ನೋಡುತ್ತಾರೆ. ತಾಳಿ, ಬಳೆ, ಕಾಲುಂಗುರ, ಉಡಿದಾರ, ಕೈಗಡಿಯಾರ, ಶ್ರವಣಸಾಧನ ಮೊದಲಾದ ಲೋಹವಸ್ತುಗಳನ್ನೆಲ್ಲ ತೆಗೆದಿಡಬೇಕು. ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಉಪಕರಣ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಹೊಕ್ಕ ಲೋಹದ ಚೂರು ಇವುಗಳಲ್ಲಿ ಯಾವುದಿದ್ದರೂ ಮುಂಚಿತವಾಗಿ ತಿಳಿಸುವುದು ಅತ್ಯಗತ್ಯ.

ರೋಗಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಸಂಕೇತಗ್ರಾಹಕ ಸುರುಳಿಯನ್ನು ಇರಿಸುತ್ತಾರೆ. ಯಂತ್ರದ ಬಡಿತದ ಸದ್ದು ಜೋರಾಗಿರುವುದರಿಂದ ಕಿವಿಗೆ ರಕ್ಷಣೆ ನೀಡಲಾಗುತ್ತದೆ. ಮೊದಲಿಗೆ ಕಾಂಟ್ರಾಸ್ಟ್ ಇಲ್ಲದ ಚಿತ್ರಗಳನ್ನೂ, ಬಳಿಕ ಕೈಯ ಅಭಿಧಮನಿಯ ಮೂಲಕ ದ್ರವವನ್ನು ನೀಡಿ ಹಂತಹಂತದ ಚಿತ್ರಗಳನ್ನೂ ತೆಗೆಯುತ್ತಾರೆ. ಗ್ಯಾಡಾಕ್ಸೆಟಿಕ್ ಆಮ್ಲದ ವಾಡಿಕೆಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.025 ಮಿಲಿಮೋಲ್.

| ಹಂತ | ದ್ರವ ನೀಡಿದ ಬಳಿಕ | ಮುಖ್ಯ ಉಪಯೋಗ |
|---|---|---|
| ಅಪಧಮನಿ ಹಂತ | ಸುಮಾರು 35 ಸೆಕೆಂಡು | ರಕ್ತಭರಿತ ಗೆಡ್ಡೆಗಳು ಮತ್ತು ಗೆಡ್ಡೆಯ ಅಂಚಿನ ಉಂಗುರ ಕಾಣುತ್ತವೆ |
| ಪೋರ್ಟಲ್ ಹಂತ | ಸುಮಾರು 60–70 ಸೆಕೆಂಡು | ಯಕೃತ್ತು ಬೆಳ್ಳಗಾಗುತ್ತದೆ. ರಕ್ತ ಕಡಿಮೆಯಿರುವ ಗೆಡ್ಡೆ ಮಸುಕಾಗಿ ಕಾಣುತ್ತದೆ |
| ಸಂಕ್ರಮಣ ಹಂತ | 2–5 ನಿಮಿಷ | ದ್ರವ ಕೋಶಗಳನ್ನು ಪ್ರವೇಶಿಸುವ ಕಾಲ |
| ಯಕೃತ್-ಪಿತ್ತ ಹಂತ | ಸುಮಾರು 20 ನಿಮಿಷ | ಯಕೃತ್ ಕೋಶಗಳಿಲ್ಲದ ಭಾಗ ಕಪ್ಪಾಗಿ ಉಳಿಯುತ್ತದೆ |

ಉಸಿರಾಟದೊಂದಿಗೆ ಯಕೃತ್ತು ಮೇಲೆ ಕೆಳಗೆ ಚಲಿಸುತ್ತದೆ. ಆದ್ದರಿಂದ ಪ್ರತಿ ಹಂತದಲ್ಲಿ 15–20 ಸೆಕೆಂಡು ಉಸಿರು ಬಿಗಿಹಿಡಿಯುವಂತೆ ಹೇಳಲಾಗುತ್ತದೆ. ಚಿತ್ರದ ಗುಣಮಟ್ಟ ಬಹುಮಟ್ಟಿಗೆ ರೋಗಿಯ ಈ ಸಹಕಾರವನ್ನು ಅವಲಂಬಿಸಿದೆ. ಸೂಚನೆ ಅರ್ಥವಾಗುವ ಭಾಷೆಯಲ್ಲಿ ಇರುವುದು, ಒಳಗೆ ಹೋಗುವ ಮುನ್ನ ಒಂದೆರಡು ಬಾರಿ ಅಭ್ಯಾಸ ಮಾಡಿಸುವುದು ಸಣ್ಣ ಸಂಗತಿಗಳಂತೆ ಕಂಡರೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತವೆ. ಇಡೀ ಪರೀಕ್ಷೆಗೆ ಸಾಮಾನ್ಯವಾಗಿ 30ರಿಂದ 45 ನಿಮಿಷಗಳು ಬೇಕಾಗುತ್ತವೆ.

## ಚಿತ್ರಗಳ ವಾಚನ

ಯಾವುದೇ ಒಂದು ಚಿತ್ರದಿಂದ ನಿರ್ಣಯಕ್ಕೆ ಬರುವುದಿಲ್ಲ. ರೇಡಿಯಾಲಜಿ ತಜ್ಞರು ಎಲ್ಲ ಬಗೆಯ ಚಿತ್ರಗಳನ್ನೂ ಒಂದರೊಡನೊಂದು ಹೋಲಿಸಿ ನೋಡುತ್ತಾರೆ. ಸ್ಥಾನಾಂತರದ ಗೆಡ್ಡೆ ಸಾಮಾನ್ಯವಾಗಿ ಟಿ1 ಚಿತ್ರದಲ್ಲಿ ಕಪ್ಪಾಗಿ, ಟಿ2 ಚಿತ್ರದಲ್ಲಿ ಮಧ್ಯಮ ಬಿಳುಪಾಗಿ ಇರುತ್ತದೆ. ಕೋಶಗಳು ಒತ್ತೊತ್ತಾಗಿರುವುದರಿಂದ ಅಲ್ಲಿ ನೀರಿನ ಅಣುಗಳು ಸರಾಗವಾಗಿ ಚಲಿಸಲಾರವು. ಈ ಅಡ್ಡಿಯನ್ನು ಅಳೆಯುವ ಪ್ರಸರಣ ಚಿತ್ರಣಕ್ಕೆ ಕಾಂಟ್ರಾಸ್ಟ್ ದ್ರವ ಬೇಕಿಲ್ಲ. ಆದರೆ ಅದನ್ನು ಯಕೃತ್-ಪಿತ್ತ ಹಂತದ ಜೊತೆಗೂಡಿಸಿ ನೋಡಿದಾಗ ಪತ್ತೆಯ ಸಾಮರ್ಥ್ಯ ಎರಡರಲ್ಲಿ ಒಂದನ್ನೇ ಬಳಸಿದ್ದಕ್ಕಿಂತ ಹೆಚ್ಚು.

ಮೂಲ ಕ್ಯಾನ್ಸರಿಗೆ ತಕ್ಕಂತೆ ಚಿತ್ರದ ಲಕ್ಷಣವೂ ಬದಲಾಗುತ್ತದೆ. ದೊಡ್ಡಕರುಳು, ಜಠರ ಮತ್ತು ಮೇದೋಜೀರಕ ಗ್ರಂಥಿಯಿಂದ ಬಂದ ಗೆಡ್ಡೆಗಳಲ್ಲಿ ಸಾಮಾನ್ಯವಾಗಿ ರಕ್ತಸಂಚಾರ ಕಡಿಮೆ. ಅವುಗಳ ಅಂಚು ಮಾತ್ರ ಉಂಗುರದಂತೆ ಬೆಳಗುತ್ತದೆ. ನರಗ್ರಂಥೀಯ ಗೆಡ್ಡೆಗಳು, ಮೂತ್ರಪಿಂಡದ ಕ್ಯಾನ್ಸರ್ ಮತ್ತು ಮೆಲನೋಮಗಳಿಂದ ಬಂದವು ಅಪಧಮನಿ ಹಂತದಲ್ಲಿ ಪೂರ್ತಿಯಾಗಿ ಹೊಳೆಯಬಹುದು. ಆ ಹಂತದ ಚಿತ್ರ ತಪ್ಪಿದರೆ ಅವು ಕಣ್ತಪ್ಪಿ ಹೋಗುವ ಸಂಭವವಿದೆ.

ಯಕೃತ್ತಿನಲ್ಲಿ ಕಾಣುವ ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಇರುವ ರೋಗಿಯಲ್ಲಿಯೂ ನಿರಪಾಯಕಾರಿ ಗಂಟು ಇರಬಹುದು. ಮುಖ್ಯವಾಗಿ ಪ್ರತ್ಯೇಕಿಸಬೇಕಾದವು ಇವು:

* ನೀರ್ಗುಳ್ಳೆ ಅಥವಾ ಸಿಸ್ಟ್: ಟಿ2 ಚಿತ್ರದಲ್ಲಿ ಅತಿ ಬಿಳುಪು, ಯಾವ ಹಂತದಲ್ಲಿಯೂ ಕಾಂಟ್ರಾಸ್ಟ್ ಹೀರುವುದಿಲ್ಲ.
* ಹಿಮಾಂಜಿಯೋಮ: ರಕ್ತನಾಳಗಳ ನಿರಪಾಯಕಾರಿ ಗಂಟು. ಟಿ2 ಚಿತ್ರದಲ್ಲಿ ಪ್ರಖರ ಬಿಳುಪು. ಕಾಂಟ್ರಾಸ್ಟ್ ಅಂಚಿನಿಂದ ತುಣುಕು ತುಣುಕಾಗಿ ನಡುವಿನ ಕಡೆಗೆ ತುಂಬುತ್ತದೆ. ಯಕೃತ್-ಪಿತ್ತ ಹಂತದಲ್ಲಿ ಇದೂ ಕಪ್ಪಾಗಿ ಕಾಣುವುದರಿಂದ ಆ ಒಂದೇ ಹಂತವನ್ನು ನೋಡಿದರೆ ತಪ್ಪುತಿಳಿವಳಿಕೆಗೆ ಅವಕಾಶವಿದೆ.
* ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯ: ಯಕೃತ್ ಕೋಶಗಳದೇ ನಿರಪಾಯಕಾರಿ ಬೆಳವಣಿಗೆ. ದ್ರವವನ್ನು ಹೀರಿಕೊಳ್ಳುವುದರಿಂದ ಯಕೃತ್-ಪಿತ್ತ ಹಂತದಲ್ಲಿ ಸಾಮಾನ್ಯವಾಗಿ ಬೆಳ್ಳಗೆ ಉಳಿಯುತ್ತದೆ.
* ಕೀವುಬಾವು ಮತ್ತು ಕ್ಷಯದ ಗಂಟು: ಅಮೀಬಾ ಸೋಂಕಿನ ಬಾವು ಮತ್ತು ಕ್ಷಯ ಭಾರತದಲ್ಲಿ ಅಪರೂಪವಲ್ಲ. ಇವೂ ಅಂಚಿನ ಉಂಗುರವನ್ನು ತೋರಬಲ್ಲವು. ಜ್ವರ, ರಕ್ತಪರೀಕ್ಷೆ ಮತ್ತು ಹಿಂದಿನ ಕಾಯಿಲೆಗಳ ವಿವರ ಇಲ್ಲಿ ನೆರವಾಗುತ್ತದೆ.
* ಕೊಬ್ಬಿನ ಸ್ಥಾನಿಕ ಶೇಖರಣೆ: ಕೊಬ್ಬನ್ನು ಪ್ರತ್ಯೇಕಿಸುವ ಟಿ1 ಚಿತ್ರಗಳಿಂದ ಗುರುತಿಸಬಹುದು.

ಸಂಶಯ ಉಳಿದಾಗ ಸೂಜಿಯಿಂದ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿ ಅಥವಾ ಕೆಲವು ವಾರಗಳ ನಂತರದ ಮರುಚಿತ್ರಣ ಬೇಕಾಗುತ್ತದೆ.

## ಚಿಕಿತ್ಸೆಯ ನಿರ್ಧಾರದಲ್ಲಿ ಪಾತ್ರ

ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿತೆಂದರೆ ಇನ್ನು ಮಾಡುವುದೇನೂ ಇಲ್ಲ ಎಂಬ ಭಾವನೆ ಜನರಲ್ಲಿ ವ್ಯಾಪಕವಾಗಿದೆ. ಯಕೃತ್ತಿಗೆ ಹರಡಿದ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನ ವಿಷಯದಲ್ಲಿ ಇದು ಎಲ್ಲರಿಗೂ ಅನ್ವಯಿಸುವುದಿಲ್ಲ. ಗೆಡ್ಡೆಗಳನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಾದ ಆಯ್ದ ರೋಗಿಗಳಲ್ಲಿ ಗಣನೀಯ ಸಂಖ್ಯೆಯವರು ಐದು ವರ್ಷಗಳನ್ನು ಮೀರಿ ಬದುಕುತ್ತಾರೆ. ಕೆಲವರು ಪೂರ್ಣ ಗುಣಮುಖರಾಗುತ್ತಾರೆ. ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿರುವುದೇ ಇಂತಹ ಶಸ್ತ್ರಚಿಕಿತ್ಸೆಗೆ ಆಸರೆ.

ಶಸ್ತ್ರವೈದ್ಯರು ಯಕೃತ್ತನ್ನು 8 ಖಂಡಗಳಾಗಿ ಪರಿಗಣಿಸುತ್ತಾರೆ. ಯಾವ ಖಂಡದಲ್ಲಿ ಎಷ್ಟು ಗೆಡ್ಡೆಗಳಿವೆ, ಅವು ದೊಡ್ಡ ರಕ್ತನಾಳಗಳಿಗೆ ಎಷ್ಟು ಸಮೀಪದಲ್ಲಿವೆ, ತೆಗೆದ ಮೇಲೆ ಸಾಕಷ್ಟು ಯಕೃತ್ತು ಉಳಿಯುತ್ತದೆಯೇ ಎಂಬುದು ಮೊದಲೇ ತಿಳಿಯಬೇಕು. ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಅವಕಾಶವಿದೆ. ಇರುವ ಗೆಡ್ಡೆ ಕಾಣದೆ ಹೋದರೆ ದೊಡ್ಡ ಶಸ್ತ್ರಚಿಕಿತ್ಸೆಯ ನಂತರವೂ ರೋಗ ಒಳಗೇ ಉಳಿಯುತ್ತದೆ. ನಿರಪಾಯಕಾರಿ ಗಂಟನ್ನು ಕ್ಯಾನ್ಸರ್ ಎಂದು ಎಣಿಸಿದರೆ ಗುಣವಾಗಬಹುದಾದ ರೋಗಿಗೆ ಶಸ್ತ್ರಚಿಕಿತ್ಸೆಯೇ ದೊರೆಯದೆ ಹೋಗಬಹುದು. ಕಾಂಟ್ರಾಸ್ಟ್ ಎಂಆರ್‌ಐ ಈ ಎರಡೂ ತಪ್ಪುಗಳನ್ನು ಕಡಿಮೆ ಮಾಡುತ್ತದೆ.

ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಕ್ಯಾಮಿನೊ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಸಿಟಿ ಸ್ಕ್ಯಾನಿನ ಆಧಾರದಿಂದ ಚಿಕಿತ್ಸೆಯ ಯೋಜನೆ ಸಿದ್ಧವಾಗಿದ್ದ, ಯಕೃತ್ತಿಗೆ ಹರಡಿದ ದೊಡ್ಡಕರುಳು-ಗುದನಾಳದ ಕ್ಯಾನ್ಸರಿನ 298 ರೋಗಿಗಳಿಗೆ ಗ್ಯಾಡಾಕ್ಸೆಟಿಕ್ ಆಮ್ಲದ ಎಂಆರ್‌ಐ ಮಾಡಿದಾಗ, 92 ಮಂದಿಯಲ್ಲಿ, ಅಂದರೆ ಶೇ. 31ರಷ್ಟು ರೋಗಿಗಳಲ್ಲಿ, ಯಕೃತ್ತಿನ ಚಿಕಿತ್ಸಾ ಯೋಜನೆಯನ್ನು ಬದಲಿಸಬೇಕಾಯಿತು.

ಕೀಮೋಥೆರಪಿಯ ನಂತರ ಈ ಪರೀಕ್ಷೆಯ ಉಪಯುಕ್ತತೆ ಇನ್ನೂ ಹೆಚ್ಚು. ಕೆಲವು ಔಷಧಗಳಿಂದ ಯಕೃತ್ತಿನಲ್ಲಿ ಕೊಬ್ಬು ಸೇರಿ, ಸಿಟಿ ಚಿತ್ರದಲ್ಲಿ ಗೆಡ್ಡೆಗೂ ಯಕೃತ್ತಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ಚಿಕಿತ್ಸೆಯಿಂದ ಕುಗ್ಗಿದ ಗೆಡ್ಡೆಗಳು ಚಿತ್ರದಿಂದ ಮರೆಯಾಗುವುದೂ ಉಂಟು. ಹಾಗೆ ಮರೆಯಾದವೆಲ್ಲ ನಾಶವಾದವೆಂದು ಹೇಳಲಾಗದು. ಆದಕಾರಣ ಶಸ್ತ್ರಚಿಕಿತ್ಸೆ ಸಾಧ್ಯವೆನಿಸುವ ರೋಗಿಗಳಲ್ಲಿ ಕೀಮೋಥೆರಪಿಗೆ ಮುಂಚೆಯೇ ಒಂದು ಎಂಆರ್‌ಐ ತೆಗೆದಿಟ್ಟುಕೊಳ್ಳುವುದು ಪ್ರಯೋಜನಕಾರಿ.

## ಮಿತಿಗಳು

ಎಂಆರ್‌ಐ ಪ್ರತಿ ಕ್ಯಾನ್ಸರ್ ರೋಗಿಗೂ ಮಾಡುವ ಮೊದಲ ಪರೀಕ್ಷೆಯಲ್ಲ. ಎದೆ, ಹೊಟ್ಟೆ ಮತ್ತು ಕಿಬ್ಬೊಟ್ಟೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ಒಟ್ಟಾಗಿ ತೋರಿಸುವ ಸಿಟಿ ಸ್ಕ್ಯಾನೇ ಸಾಮಾನ್ಯವಾಗಿ ಮೊದಲು ನಡೆಯುತ್ತದೆ. ಯಕೃತ್ತಿನ ವಿಷಯದಲ್ಲಿ ಸಂದೇಹವಿದ್ದಾಗ ಅಥವಾ ಶಸ್ತ್ರಚಿಕಿತ್ಸೆಯ ಆಲೋಚನೆಯಿದ್ದಾಗ ಎಂಆರ್‌ಐ ಸೇರಿಸಲಾಗುತ್ತದೆ. ಆರೋಗ್ಯವಂತರ ವಾರ್ಷಿಕ ತಪಾಸಣೆಗೆ ಇದನ್ನು ಬಳಸುವುದಿಲ್ಲ.

ಸಿರೋಸಿಸ್ ಅಥವಾ ತೀವ್ರ ಕಾಮಾಲೆಯಲ್ಲಿ ಯಕೃತ್ ಕೋಶಗಳು ದ್ರವವನ್ನು ಚೆನ್ನಾಗಿ ಹೀರುವುದಿಲ್ಲವಾದ್ದರಿಂದ ಯಕೃತ್-ಪಿತ್ತ ಹಂತದ ಚಿತ್ರ ಮಂಕಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ವಿಶೇಷವಾಗಿ 3 ಟೆಸ್ಲಾ ಯಂತ್ರದಲ್ಲಿ, ಚಿತ್ರದೋಷಗಳು ಉಂಟಾಗುತ್ತವೆ. ಗ್ಯಾಡಾಕ್ಸೆಟಿಕ್ ಆಮ್ಲ ನೀಡಿದ ಕೂಡಲೇ ಕೆಲವರಿಗೆ ಕ್ಷಣಕಾಲ ಉಸಿರು ಹಿಡಿಯಲಾಗದಂತಾಗಿ ಅಪಧಮನಿ ಹಂತದ ಚಿತ್ರ ಅಲುಗಿಹೋಗುತ್ತದೆ. ಇದು ತಾನಾಗಿಯೇ ಸರಿಹೋಗುವ ತೊಂದರೆ. ಇಕ್ಕಟ್ಟಿನ ಭಯವುಳ್ಳವರಿಗೆ ಯಂತ್ರದೊಳಗೆ ಮಲಗುವುದೇ ಕಷ್ಟವಾಗಬಹುದು.

## ಸುರಕ್ಷತೆ

ಬಹುಪಾಲು ಜನರಲ್ಲಿ ಗ್ಯಾಡೊಲಿನಿಯಂ ದ್ರವಗಳಿಂದ ತೊಂದರೆಯಾಗುವುದಿಲ್ಲ. ವಾಕರಿಕೆ, ತಲೆನೋವು, ಚುಚ್ಚಿದ ಕಡೆ ತಣ್ಣನೆಯ ಅನುಭವ ಕೆಲವರಿಗೆ ಆಗಬಹುದು. ತೀವ್ರ ಅಲರ್ಜಿ ವಿರಳ. ಆದರೂ ಅದನ್ನು ನಿಭಾಯಿಸುವ ಸಿದ್ಧತೆ ಪರೀಕ್ಷಾಕೇಂದ್ರದಲ್ಲಿ ಇರಲೇಬೇಕು.

ಮೂತ್ರಪಿಂಡಗಳು ತೀವ್ರವಾಗಿ ಕೆಟ್ಟಿರುವವರಲ್ಲಿ ಚರ್ಮ ಮತ್ತು ಒಳಾಂಗಗಳು ಗಡಸಾಗುವ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಎಂಬ ರೋಗಕ್ಕೂ ಕೆಲವು ಗ್ಯಾಡೊಲಿನಿಯಂ ದ್ರವಗಳಿಗೂ ಇರುವ ಸಂಬಂಧ 2006ರಲ್ಲಿ ಬೆಳಕಿಗೆ ಬಂದಿತು. ಆ ಬಳಿಕ ದ್ರವದ ಆಯ್ಕೆಯಲ್ಲಿ ಎಚ್ಚರ ವಹಿಸಿದ್ದರಿಂದ ಈ ರೋಗ ಅತ್ಯಂತ ವಿರಳವಾಗಿದೆ. ಪದೇ ಪದೇ ಈ ದ್ರವ ಪಡೆದವರ ಮೆದುಳಿನಲ್ಲಿ ಗ್ಯಾಡೊಲಿನಿಯಂನ ಅಲ್ಪಾಂಶ ಉಳಿಯುವುದು 2014ರಿಂದೀಚೆಗೆ ವರದಿಯಾಗಿದೆ. ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ರೇಖೀಯ ರಚನೆಯ ಹಲವು ದ್ರವಗಳ ಬಳಕೆಯನ್ನು ಸ್ಥಗಿತಗೊಳಿಸಿತಾದರೂ, ಗ್ಯಾಡಾಕ್ಸೆಟಿಕ್ ಮತ್ತು ಗ್ಯಾಡೊಬೆನಿಕ್ ಆಮ್ಲಗಳನ್ನು ಯಕೃತ್ತಿನ ಚಿತ್ರಣಕ್ಕಾಗಿ ಉಳಿಸಿಕೊಂಡಿತು. ಗರ್ಭಿಣಿಯರಿಗೆ ಅನಿವಾರ್ಯವಾದ ಹೊರತು ಗ್ಯಾಡೊಲಿನಿಯಂ ನೀಡುವುದಿಲ್ಲ.

## ಕರ್ನಾಟಕದಲ್ಲಿ

ರಾಜ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಪ್ರಮುಖ ಸಾರ್ವಜನಿಕ ಕೇಂದ್ರವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಗವಾಗಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಪ್ರಕರಣಗಳ ದಾಖಲೆ ಈ ಸಂಸ್ಥೆಯ ಮೂಲಕ ನಡೆಯುತ್ತಿದೆ. ದೇಶದ ನೋಂದಣಿಗಳನ್ನೆಲ್ಲ ಸಂಯೋಜಿಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿಯ ಹಾದಿಯಲ್ಲಿದೆ. ಬೆಂಗಳೂರಿನ ನೋಂದಣಿಯಲ್ಲಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ಪುರುಷರಲ್ಲಿ ಜಠರದ ಕ್ಯಾನ್ಸರ್ ಪ್ರಮುಖವಾದವುಗಳಲ್ಲಿ ಒಂದು. ಇವೆರಡೂ ಯಕೃತ್ತಿಗೆ ಹರಡಬಲ್ಲವು.

ಎಂಆರ್‌ಐ ಯಂತ್ರಗಳಿಗಾಗಿ ಭಾರತ ಬಹುಕಾಲ ಆಮದನ್ನೇ ನೆಚ್ಚಿಕೊಂಡಿತ್ತು. ಪರೀಕ್ಷೆಯ ದುಬಾರಿ ವೆಚ್ಚಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಇನ್ನೊವೇಶನ್ಸ್ ಕಂಪನಿ, ರಾಷ್ಟ್ರೀಯ ಬಯೋಫಾರ್ಮ ಅಭಿಯಾನದ ನೆರವಿನಿಂದ ಅಭಿವೃದ್ಧಿಪಡಿಸಿದ 1.5 ಟೆಸ್ಲಾ ಸಾಮರ್ಥ್ಯದ ಸ್ವದೇಶಿ ಯಂತ್ರವನ್ನು 2023ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಬಿಡುಗಡೆ ಮಾಡಿದರು.

ಒಂದೂರಿನಲ್ಲಿ ಅಲ್ಟ್ರಾಸೌಂಡ್, ಇನ್ನೊಂದೂರಿನಲ್ಲಿ ಸಿಟಿ, ಕೊನೆಗೆ ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸುವ ರೋಗಿಗಳು ರಾಜ್ಯದಲ್ಲಿ ಬಹಳ ಮಂದಿ. ಹೆಸರಘಟ್ಟದಂತಹ ನಗರದಂಚಿನ ಊರಿನವರಿರಲಿ, ದೂರದ ಜಿಲ್ಲೆಗಳವರಿರಲಿ, ಹಳೆಯ ವರದಿಗಳ ಜೊತೆಗೆ ಚಿತ್ರಗಳಿರುವ ಸಿಡಿಯನ್ನೂ ಕೊಂಡೊಯ್ಯುವುದು ಉಪಯುಕ್ತ. ಎರಡು ವರ್ಷಗಳ ಹಿಂದಿನ ಚಿತ್ರದಲ್ಲಿಯೂ ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿದ್ದ ಗಂಟು ಸ್ಥಾನಾಂತರವಾಗಿರುವ ಸಂಭವ ಬಹಳ ಕಡಿಮೆ. ಇಂತಹ ಹೋಲಿಕೆಯಿಂದ ಕೆಲವೊಮ್ಮೆ ಬಯಾಪ್ಸಿಯೇ ತಪ್ಪುತ್ತದೆ.

## ಇವನ್ನೂ ನೋಡಿ

* ಯಕೃತ್ತು
* ಕ್ಯಾನ್ಸರ್
* ಕಾಂತೀಯ ಅನುರಣನ ಚಿತ್ರಣ
* ಸಿಟಿ ಸ್ಕ್ಯಾನ್
* ಗ್ಯಾಡೊಲಿನಿಯಂ
* ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ